ಅಡುಗೆಮನೆ ಯಾರ ಹೊಲದಲ್ಲಿದೆ?

ನನ್ನ ಗಂಡನ ಊರಿನ ಮನೆಯಲ್ಲಿ ಊಟದ ಮೇಜಿನ ಹಿಂದಿನ ಗೋಡೆಗೆ ಚೌಕಟ್ಟು ಹಾಕಿದ ಒಂದು ಹಳೇ ಕಾಗದ ಇದೆ. ಮದುವೆಯಾಗಿ ಮೊದಲ ಸಲ ಹೋದಾಗ ಮಾವ ಅದನ್ನು ತೋರಿಸಿ, "ಇದಕ್ಕೆ ಲಿಂಕನ್ ಸಹಿ ಇದೆ" ಎಂದಿದ್ದರು. ನಾನು ಹೌದಾ ಎಂದು ಕಣ್ಣರಳಿಸಿದ್ದೆ. ಹೊಸ ಸೊಸೆ ಇನ್ನೇನು ಮಾಡುತ್ತಾಳೆ?

ಊರು ಅಂದರೆ ಅಮೆರಿಕದ ನೆಬ್ರಾಸ್ಕಾ ರಾಜ್ಯದ ವ್ಯಾಲಿ ಕೌಂಟಿ. ಅಲ್ಲಿಯ ಆರ್ಡ್ ಎಂಬ ಸಣ್ಣ ಊರೇ ನಮ್ಮ ಪಾಲಿನ ತಾಲೂಕು ಕೇಂದ್ರ. ನಾವಿರುವ ಲಿಂಕನ್ ಪಟ್ಟಣದಿಂದ ಕಾರಿನಲ್ಲಿ ಎರಡೂವರೆ ಗಂಟೆ. ಮನೆಯವರು ಮೂಲತಃ ಬೊಹೀಮಿಯಾದ ಜೆಕ್ ಜನ. ಕ್ರಿಸ್‌ಮಸ್‌ಗೆ ನಮ್ಮತ್ತೆ ಕೊಲಾಚ್ ಎಂಬ ಸಿಹಿ ಬನ್ನು ಮಾಡುತ್ತಾರೆ. ಒಳಗೆ ಗಸಗಸೆ ಹೂರಣ. ಗದಗದಿಂದ ಹೋದ ನನಗೆ ಆ ಮನೆಯಲ್ಲಿ ಮೊದಲು ಪರಿಚಯವಾಗಿ ಸಿಕ್ಕಿದ್ದು ಆ ಗಸಗಸೆಯೇ.

ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಮಾವ ಒಂದು ಫಾರಂ ತಂದು ನನ್ನ ಮುಂದಿಟ್ಟರು. ನೂರು ವರ್ಷಕ್ಕಿಂತ ಜಾಸ್ತಿ ಕಾಲ ಒಂದೇ ಮನೆತನದ ಕೈಯಲ್ಲಿರುವ ಹೊಲಗಳಿಗೆ ಕೌಂಟಿ ಜಾತ್ರೆಯಲ್ಲಿ ಫಲಕ ಕೊಡುತ್ತಾರೆ. ಅದಕ್ಕೆ ಕಾಗದಪತ್ರ ಬೇಕು. ಮೊದಲ ಒಡೆಯ ಯಾರು, ಅವನಿಂದ ಯಾರಿಗೆ ಬಂತು, ಎಲ್ಲೂ ಕೈ ತಪ್ಪಿಲ್ಲ ಎನ್ನುವುದಕ್ಕೆ ಏನು ದಾಖಲೆ. "ನಿಮ್ಮ ದೇಶದಲ್ಲಿ ಹೊಲದ ಕಾಗದಕ್ಕೆ ಬಹಳ ಓಡಾಡುತ್ತೀರಂತಲ್ಲ, ನೀನೇ ಮಾಡು" ಎಂದರು. ತಮಾಷೆಗೆ ಹೇಳಿದ್ದು. ಆದರೆ ಮಾತು ನಿಜವೇ. ನಮ್ಮಜ್ಜ 1974ರ ಭೂಸುಧಾರಣೆಯಲ್ಲಿ ಏಳನೇ ನಂಬರ್ ಫಾರಂ ಕೊಟ್ಟು ನಾಲ್ಕು ಎಕರೆ ಎರೆಹೊಲ ಪಡೆದವರು. ಉತಾರ ಎಂಬ ಪದ ಕೇಳುತ್ತಲೇ ಬೆಳೆದವಳು ನಾನು.

ಸುಲಭದ ಕೆಲಸ ಅಂದುಕೊಂಡೆ. ಗೋಡೆಯ ಮೇಲೆ ಪತ್ರ ಇದೆ, ಮನೆಯಲ್ಲಿ ಮಾವ ಇದ್ದಾರೆ, ನಡುವಿನ ತಲೆಮಾರು ಜೋಡಿಸಿದರೆ ಮುಗಿಯಿತು.

ಮೊದಲು ಚೌಕಟ್ಟನ್ನು ಇಳಿಸಿ ಗಾಜು ಒರೆಸಿ ಓದಿದೆ. ಮಾವನ ಮುತ್ತಜ್ಜನ ಹೆಸರು, 160 ಎಕರೆ, ಕೆಳಗೆ ಅಧ್ಯಕ್ಷರ ಹೆಸರು: ಚೆಸ್ಟರ್ ಆರ್ಥರ್. ದಿನಾಂಕ 1885ರ ಜನವರಿ. ಲಿಂಕನ್ ತೀರಿಕೊಂಡಿದ್ದು 1865ರಲ್ಲಿ. ಹೋಗಲಿ, ಆರ್ಥರ್ ಸಹಿಯಾದರೂ ಇದೆಯಾ ಅಂದರೆ ಅದೂ ಇಲ್ಲ. 1833ರಿಂದಲೇ ಇಂಥ ಭೂಮಿ ಪತ್ರಗಳಿಗೆ ಅಧ್ಯಕ್ಷರ ಹೆಸರಲ್ಲಿ ಕಾರ್ಯದರ್ಶಿಯೊಬ್ಬ ಸಹಿ ಹಾಕುತ್ತಿದ್ದ. ದಿನಕ್ಕೆ ನೂರಾರು ಪತ್ರ ಹೊರಡುತ್ತಿದ್ದಾಗ ಅಧ್ಯಕ್ಷ ಕೂತು ಸಹಿ ಹಾಕಲಿಕ್ಕಾಗುತ್ತದಾ? ಮಾವನಿಗೆ ಹೇಳಿದೆ. "ಕಾಯ್ದೆಗೆ ಲಿಂಕನ್ ತಾನೇ ಸಹಿ ಹಾಕಿದ್ದು?" ಎಂದರು. ಅದು ಸರಿ. 1862ರ ಮೇ 20ರಂದು ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದ್ದು ಲಿಂಕನ್ನೇ. 21 ತುಂಬಿದವರು ಅಥವಾ ಮನೆಯ ಯಜಮಾನರು ಅರ್ಜಿ ಹಾಕಬಹುದು. ಐದು ವರ್ಷ ಅಲ್ಲೇ ಇದ್ದು, ಮನೆ ಕಟ್ಟಿ, ಉತ್ತು ಬೆಳೆದು ತೋರಿಸಿದರೆ 160 ಎಕರೆ ಸ್ವಂತಕ್ಕೆ. ಖರ್ಚು ಎಲ್ಲ ಸೇರಿ 18 ಡಾಲರ್.

ಈ ಪತ್ರಗಳ ಪ್ರತಿಗಳೆಲ್ಲ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಹೆಸರು ಹಾಕಿ ಹುಡುಕಿದೆ. ಮುತ್ತಜ್ಜನ ಪತ್ರ ಬಂತು. ಜೊತೆಗೆ ಹೊಲದ ವಿವರ: ಇಂಥ ಸೆಕ್ಷನ್ನಿನ ಈಶಾನ್ಯ ಕಾಲು ಭಾಗ, ಟೌನ್‌ಶಿಪ್ 18 ಉತ್ತರ, ಆರನೇ ಪ್ರಿನ್ಸಿಪಲ್ ಮೆರಿಡಿಯನ್ ಎಂಬ ಸರ್ವೆ ಗೆರೆಯ ಪಶ್ಚಿಮಕ್ಕೆ.

ಇದನ್ನು ಓದಲು ಕಲಿಯುವುದಕ್ಕೆ ನನಗೆ ಒಂದು ಸಂಜೆ ಹಿಡಿಯಿತು. ನಮ್ಮಲ್ಲಿ ಚಕ್ಕುಬಂದಿ ಅಂದರೆ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಹೊಲ, ಉತ್ತರಕ್ಕೆ ಬಂಡಿದಾರಿ. ಇಲ್ಲಿ ಹಳ್ಳಕ್ಕೂ ಮರ್ಯಾದೆ ಇಲ್ಲ, ದಿಬ್ಬಕ್ಕೂ ಇಲ್ಲ. ಜನ ಬರುವ ಮೊದಲೇ ಸರ್ವೆಯವರು ಚದುರಂಗದ ಹಾಸಿನ ಹಾಗೆ ಗೆರೆ ಎಳೆದುಬಿಟ್ಟಿದ್ದರು. ಆರು ಮೈಲಿ ಉದ್ದ, ಆರು ಮೈಲಿ ಅಗಲ ಒಂದು ಟೌನ್‌ಶಿಪ್. ಅದರೊಳಗೆ 36 ಸೆಕ್ಷನ್, ಒಂದೊಂದೂ ಒಂದು ಚದರ ಮೈಲಿ, 640 ಎಕರೆ. ಅದರ ಕಾಲು ಭಾಗ 160. ಲೆಕ್ಕ ಶುರುವಾಗುವುದು ದಕ್ಷಿಣದ ಕ್ಯಾನ್ಸಸ್ ರಾಜ್ಯದ ಗಡಿಯಿಂದ. ನಮ್ಮದು 18ನೇ ಸಾಲು, ಅಂದರೆ ಆ ಗಡಿಯಿಂದ 102 ಮೈಲಿ ದಾಟಿದ ಮೇಲೆ. ಒಮ್ಮೆ ತಲೆಗೆ ಹತ್ತಿದರೆ ನಮ್ಮ ಸರ್ವೆ ನಂಬರಿಗಿಂತ ಸಲೀಸು. ಭೂಪಟದ ಮೇಲೆ ಬೆರಳಿಟ್ಟು ಹೊಲ ತೋರಿಸಬಹುದು.

ತೋರಿಸಲು ಹೋದಾಗಲೇ ತೊಂದರೆ ಆಗಿದ್ದು. ಉಪಗ್ರಹ ಚಿತ್ರದ ಮೇಲೆ ಈಶಾನ್ಯ ಕಾಲನ್ನು ಗುರುತು ಮಾಡಿದೆ. ನಮ್ಮ ಮನೆ ಅದರಲ್ಲಿರಲಿಲ್ಲ. ಮನೆ, ಕೊಟ್ಟಿಗೆ, ಕಾಳಿನ ಕಣಜ, ಎಲ್ಲ ಬೇಲಿಯ ಈಚೆ, ಆಗ್ನೇಯ ಕಾಲಿನಲ್ಲಿ ಕೂತಿದ್ದವು. ಈಶಾನ್ಯ ಕಾಲು ಪಕ್ಕದ ಮನೆಯವರದು. ಅಲ್ಲಿ ಅವರ ಸೋಯಾ ಬೆಳೆ ಇತ್ತು.

ನಾನೇ ತಪ್ಪಿರಬೇಕು ಎಂದು ಮೂರು ಸಲ ಎಣಿಸಿದೆ. ಗಂಡನಿಗೆ ತೋರಿಸಿದೆ. ಅವನೂ ಎಣಿಸಿದ. "ಅಪ್ಪನಿಗೆ ಈಗಲೇ ಹೇಳಬೇಡ" ಎಂದ.

ಮುಂದಿನ ಶನಿವಾರ ಇಬ್ಬರೂ ಬಿಯಾಟ್ರಿಸ್‌ಗೆ ಹೋದೆವು. (ಅಲ್ಲಿಯವರು 'ಯಾ' ಮೇಲೆ ಒತ್ತಿ ಹೇಳುತ್ತಾರೆ. ಹಾಗೆ ಹೇಳದಿದ್ದರೆ ಹೊರಗಿನವರು ಅಂತ ಗೊತ್ತಾಗಿಬಿಡುತ್ತದೆ.) ಕಾಯ್ದೆ ಜಾರಿಗೆ ಬಂದ ಮೊದಲ ದಿನ, 1863ರ ಜನವರಿ 1ರಂದೇ ಡೇನಿಯಲ್ ಫ್ರೀಮನ್ ಎಂಬಾತ ಅರ್ಜಿ ಹಾಕಿ ಪಡೆದ ಜಾಗ ಅಲ್ಲಿದೆ. ಈಗ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಕಟ್ಟಡದ ಚಾವಣಿ ನೇಗಿಲು ಮಣ್ಣು ಮಗುಚಿದ ಹಾಗೆ ಎದ್ದು ನಿಂತಿದೆ. ಕಾರು ನಿಲ್ಲಿಸುವ ಜಾಗ ಸರಿಯಾಗಿ ಒಂದು ಎಕರೆ. ಎಕರೆ ಅಂದರೆ ಎಷ್ಟು ಅಂತ ಪಟ್ಟಣದ ಮಕ್ಕಳಿಗೆ ತಿಳಿಯಲಿ ಎಂದು ಹಾಗೆ ಮಾಡಿದ್ದಾರಂತೆ. ಒಳಗೆ ಒಂದು ಲೆಕ್ಕ ಬರೆದಿದ್ದಾರೆ: 16 ಲಕ್ಷ ಜನಕ್ಕೆ ಪತ್ರ, 27 ಕೋಟಿ ಎಕರೆ. ಐದೂವರೆ ಕರ್ನಾಟಕಕ್ಕಿಂತ ಜಾಸ್ತಿ!

ನಾವು ಹೋಗಿದ್ದು ಕಂಪ್ಯೂಟರ್‌ಗಾಗಿ. ನೆಬ್ರಾಸ್ಕಾದ ಹೋಮ್‌ಸ್ಟೆಡ್ ಕಡತಗಳನ್ನು ಸ್ಕ್ಯಾನ್ ಮಾಡಿದ್ದಾರೆ, ಅಲ್ಲಿ ಕೂತು ಪುಕ್ಕಟೆ ನೋಡಬಹುದು. ಪತ್ರ ಬರೀ ಒಂದು ಹಾಳೆ. ಕಡತದಲ್ಲಿ ಸಂಸಾರವೇ ಇರುತ್ತದೆ.

ಮುತ್ತಜ್ಜನದು 22 ಹಾಳೆ. 1878ರಲ್ಲಿ ಗ್ರ್ಯಾಂಡ್ ಐಲೆಂಡ್‌ನ ಭೂ ಕಚೇರಿಯಲ್ಲಿ ಅರ್ಜಿ. ಆಸ್ಟ್ರಿಯಾದ ಚಕ್ರವರ್ತಿಯ ನಿಷ್ಠೆ ಬಿಟ್ಟೆ ಎಂಬ ಪ್ರಮಾಣ. ಆರು ವರ್ಷದ ಮೇಲೆ, 1884ರಲ್ಲಿ, ಕೊನೆಯ ರುಜುವಾತು. ಅಲ್ಲಿಯ ಜನ ಅದಕ್ಕೆ 'ಪ್ರೂವಿಂಗ್ ಅಪ್' ಅನ್ನುತ್ತಾರೆ. ಮೊದಲು ಊರಿನ ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸಬೇಕು, ತಕರಾರು ಇದ್ದವರು ಬರಲಿ ಅಂತ. ಆಮೇಲೆ ಇಬ್ಬರು ಸಾಕ್ಷಿ. ಪ್ರಶ್ನೆಗಳನ್ನು ಅಚ್ಚು ಹಾಕಿದ ಹಾಳೆಯ ಮೇಲೆ ಗುಮಾಸ್ತ ಉತ್ತರ ಬರೆದುಕೊಂಡಿದ್ದಾನೆ. ಮನೆ ಎಂಥದ್ದು? ಹುಲ್ಲುಹೆಂಟೆಯ ಮನೆ, 14 ಅಡಿಗೆ 18, ಒಂದು ಬಾಗಿಲು, ಎರಡು ಕಿಟಕಿ. ಎಷ್ಟು ಎಕರೆ ಒಡೆದಿದ್ದೀ? 45. ಜಾಗ ಬಿಟ್ಟು ಹೋಗಿದ್ದೆಯಾ? 1880ರಲ್ಲಿ ಆರು ವಾರ, ಕೋಟೆಗೆ ಹುಲ್ಲು ಕೊಯ್ಯಲು. ಮನೆಯಲ್ಲಿ ಯಾರಿದ್ದಾರೆ? ಹೆಂಡತಿ, ಮೂರು ಮಕ್ಕಳು. ಹೆಂಡತಿಯ ಹೆಸರು 22 ಹಾಳೆಯಲ್ಲಿ ಎಲ್ಲೂ ಇಲ್ಲ.

ಹುಲ್ಲುಹೆಂಟೆ ಅಂದರೆ ಬೇರು ಹೆಣೆದುಕೊಂಡ ಮಣ್ಣು. ಆ ಬಯಲಿನಲ್ಲಿ ಮರ ಇರಲಿಲ್ಲ, ಕಲ್ಲೂ ಇರಲಿಲ್ಲ. ವಿಶೇಷ ನೇಗಿಲಿನಿಂದ ಹುಲ್ಲುಗಾವಲನ್ನು ಪಟ್ಟಿ ಪಟ್ಟಿಯಾಗಿ ಎಬ್ಬಿಸಿ, ಮೂರು ಅಡಿಯ ತುಂಡು ಮಾಡಿ, ಹುಲ್ಲು ಕೆಳಗೆ ಬರುವಂತೆ ಇಟ್ಟಿಗೆಯ ಹಾಗೆ ಪೇರಿಸುತ್ತಿದ್ದರು. ಬೇಸಿಗೆಯಲ್ಲಿ ತಂಪು, ಚಳಿಗೆ ಬೆಚ್ಚಗೆ. ಮಳೆ ಬಂದರೆ ಮಾತ್ರ ಹೊರಗೆ ನಿಂತ ಮೇಲೂ ಒಳಗೆ ಸೋರುತ್ತಿತ್ತು. 'ನೆಬ್ರಾಸ್ಕಾ ಮಾರ್ಬಲ್' ಎಂದು ತಮಾಷೆ ಮಾಡುತ್ತಿದ್ದರಂತೆ.

ಮುತ್ತಜ್ಜ ಹುಲ್ಲು ಕೊಯ್ಯಲು ಹೋದ ಆ ಕೋಟೆ ಹಾರ್ಟ್‌ಸಫ್, ಈಗಲೂ ಕೌಂಟಿಯಲ್ಲಿ ನಿಂತಿದೆ. 1874ರಲ್ಲಿ ಮಿಡತೆ ಹಿಂಡು ಬಂದು ಪೈರೆಲ್ಲ ತಿಂದು ಹೋದಾಗ ಆ ಕೋಟೆ ಕಟ್ಟುವ ಕೂಲಿಯಿಂದಲೇ ಎಷ್ಟೋ ಮನೆಗಳು ಊರು ಬಿಡದೆ ಉಳಿದವು. ಮುತ್ತಜ್ಜನ ಸಾಕ್ಷಿಯೊಬ್ಬ ಅಂಥವನೇ.

ಇಷ್ಟೆಲ್ಲ ಸರಿ, ಆದರೆ ಮನೆ ಬೇಲಿಯ ಈಚೆ ಯಾಕಿದೆ?

ಆ ರಾತ್ರಿ ಹೆಸರು ಬಿಟ್ಟು ಜಾಗದಿಂದ ಹುಡುಕಿದೆ. ಟೌನ್‌ಶಿಪ್, ರೇಂಜ್ (ಮೆರಿಡಿಯನ್ನಿನಿಂದ ಪಶ್ಚಿಮಕ್ಕೆ ಎಷ್ಟನೇ ಸಾಲು), ಸೆಕ್ಷನ್ ಮಾತ್ರ ಹಾಕಿದೆ. ನಾಲ್ಕು ಪತ್ರ ಬಂದವು. ಆಗ್ನೇಯ ಕಾಲಿನ ಎದುರು ಒಂದು ಹೆಂಗಸಿನ ಹೆಸರು. ಉಪನಾಮ ನಮ್ಮದೇ, ಆದರೆ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದು ಎರಡು ಅಕ್ಷರ ಕೆಡಿಸಿದ್ದ. ಹೆಸರಿನಿಂದ ಹುಡುಕಿದ್ದರೆ ಸತ್ತರೂ ಸಿಗುತ್ತಿರಲಿಲ್ಲ. ವರ್ಷ 1891. ಕಾಯ್ದೆ ಹೋಮ್‌ಸ್ಟೆಡ್ ಅಲ್ಲ, ಟಿಂಬರ್ ಕಲ್ಚರ್.

ಇದು 1873ರ ಕಾಯ್ದೆ. ಮರ ನೆಟ್ಟರೆ ಮಳೆ ಹೆಚ್ಚುತ್ತದೆ ಎಂದು ಆಗ ಬಹಳ ಜನ ನಂಬಿದ್ದರು. ಮೊದಲು 160 ಎಕರೆಗೆ 40 ಎಕರೆ ಮರ ಎಂದಿತ್ತು, ಯಾರಿಂದಲೂ ಆಗದೆ 1878ರಲ್ಲಿ 10 ಎಕರೆಗೆ ಇಳಿಸಿದರು. ಅಲ್ಲೇ ವಾಸ ಇರಬೇಕೆಂದಿಲ್ಲ. ಮದುವೆಯಾಗದ ಹೆಣ್ಣು 21 ತುಂಬಿದ್ದರೆ ತನ್ನ ಹೆಸರಲ್ಲೇ ಜಾಗ ಹಿಡಿಯಬಹುದಿತ್ತು. ಗಂಡ ಇದ್ದವಳಿಗೆ ಆ ಅವಕಾಶ ಇರಲಿಲ್ಲ.

ಈ ಕಡತ ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲಾಗಾರದಿಂದ ತರಿಸಬೇಕಾಯಿತು. 50 ಡಾಲರ್. ನಾನು ಮಾಡಿದ ಎಡವಟ್ಟು ಹೇಳಬೇಕು: ಪತ್ರದ ಮೇಲಿನ ಎರಡು ನಂಬರಿನಲ್ಲಿ ತಪ್ಪು ನಂಬರ್ ತುಂಬಿ ಕಳಿಸಿದೆ. ಸಿಗಲಿಲ್ಲ ಎಂದು ಉತ್ತರ ಬಂತು. ಮತ್ತೆ ಬರೆದು, ಮತ್ತೆ ಕಾದು, ಎಲ್ಲ ಸೇರಿ ಐದು ತಿಂಗಳು ಹೋಯಿತು. ಕಾಯುವಾಗ ಆರ್ಡ್‌ನ ಕೋರ್ಟ್‌ಹೌಸಿಗೆ ಹೋದೆ.

ಅಲ್ಲಿ ನನಗೆ ತವರು ಮನೆಗೆ ಹೋದ ಹಾಗಾಯಿತು. ನೆಬ್ರಾಸ್ಕಾದ ಕೌಂಟಿಗಳಲ್ಲಿ ನ್ಯೂಮರಿಕಲ್ ಇಂಡೆಕ್ಸ್ ಅಂತ ಇಡುತ್ತಾರೆ. ಹೆಸರಿನ ಪ್ರಕಾರ ಅಲ್ಲ, ಹೊಲದ ಪ್ರಕಾರ ಬರೆದ ದಪ್ಪ ಪುಸ್ತಕ. ಒಂದು ಹೊಲಕ್ಕೆ ಸಂಬಂಧಪಟ್ಟ ಕ್ರಯ, ಅಡವು, ವಾಟಣಿ ಎಲ್ಲ ಸಾಲಾಗಿ. ನಮ್ಮ ಉತಾರವೇ, ಗಾತ್ರ ಮಾತ್ರ ಭಾರಿ! ಎತ್ತಲು ಎರಡು ಕೈ ಬೇಕು.

ಈಶಾನ್ಯ ಕಾಲಿನ ಪುಟ ತೆಗೆದೆ. ಮೊದಲ ಸಾಲು: ಯುನೈಟೆಡ್ ಸ್ಟೇಟ್ಸ್‌ನಿಂದ ಮುತ್ತಜ್ಜನಿಗೆ. ಆಮೇಲೆ ಸಣ್ಣ ಅಡವುಗಳು, ತೀರಿದ್ದು. 1908ರಲ್ಲಿ ಮಗನಿಗೆ. 1919ರಲ್ಲಿ ಒಂದು ದೊಡ್ಡ ಅಡವು, ಒಂದು ವಿಮಾ ಕಂಪನಿಗೆ. ಮೊದಲ ಮಹಾಯುದ್ಧದಲ್ಲಿ ಗೋಧಿ, ಮೆಕ್ಕೆಜೋಳಕ್ಕೆ ಬಂಗಾರದ ಬೆಲೆ ಬಂದಿತ್ತು. ಎಲ್ಲರೂ ಸಾಲ ಮಾಡಿ ಹೊಲ ಕೊಂಡರು. ಮುಂದಿನ ವರ್ಷವೇ ಬೆಲೆ ಬಿತ್ತು. ಸಾಲ ಬೀಳುತ್ತದಾ? 1930ರ ದಶಕದಲ್ಲಿ ಬರ, ಧೂಳು. ಮಾರಿದರೆ ಸಾಗಣೆ ಖರ್ಚೂ ಹುಟ್ಟುವುದಿಲ್ಲ ಎಂದು ಜನ ಮೆಕ್ಕೆಜೋಳವನ್ನೇ ಒಲೆಗೆ ಹಾಕಿದ ಕಾಲ ಅದು. 1936ರ ಜುಲೈನಲ್ಲಿ ಮಿಂಡೆನ್ ಊರಲ್ಲಿ 118 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 48ರ ಹತ್ತಿರ ಸೆಲ್ಸಿಯಸ್ ಬಿಸಿಲು ಬಿತ್ತು. ಅದೇ ವರ್ಷ ಪುಸ್ತಕದಲ್ಲಿ ಕೊನೆಯ ಸಾಲು: ಶೆರಿಫ್ಸ್ ಡೀಡ್. ಹರಾಜು.

ಲಿಂಕನ್ ಕಾಯ್ದೆಯ ಹೊಲ ಹೋಗಿ ಸುಮಾರು ತೊಂಬತ್ತು ವರ್ಷ ಆಗಿತ್ತು. ಗೋಡೆಯ ಮೇಲೆ ಪತ್ರ ಮಾತ್ರ ಉಳಿದಿತ್ತು.

ಪುಟ ತಿರುಗಿಸಿ ಆಗ್ನೇಯ ಕಾಲು ನೋಡಿದೆ. ಅಲ್ಲಿ ಬರೀ ನಾಲ್ಕು ಸಾಲು. 1891, ಆ ಹೆಂಗಸಿಗೆ. ಒಂದೂ ಅಡವಿಲ್ಲ. 1931, ಮರಣಪತ್ರದ ಪ್ರಕಾರ ಇನ್ನೊಬ್ಬ ಹೆಂಗಸಿಗೆ. ಆಮೇಲೆ ಮಾವನ ಅಪ್ಪ, ಆಮೇಲೆ ಮಾವ.

ಮರಣಪತ್ರ ಅದೇ ಕಟ್ಟಡದ ಕೌಂಟಿ ಕೋರ್ಟಿನ ಕಡತದಲ್ಲಿತ್ತು. 1929ರಲ್ಲಿ ಬರೆಸಿದ್ದು. ಆಕೆ ಮುತ್ತಜ್ಜನ ತಂಗಿ. ಹೊಲವನ್ನು ಆಕೆ ಅಣ್ಣನ ಮಗನಿಗೆ ಬಿಟ್ಟಿರಲಿಲ್ಲ. ಅಣ್ಣನ ಮಗನ ಹೆಂಡತಿಗೆ, "ಅವಳೊಬ್ಬಳ ಸ್ವಂತಕ್ಕೆ" ಎಂದು ಬರೆಸಿದ್ದಳು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಎರಡು ಸಲ ಓದಿದೆ. ಅಣ್ಣನ ಮಗನ ಹೆಸರಿಗೆ ಬರೆದಿದ್ದರೆ ಐದು ವರ್ಷದ ಮೇಲೆ ಸಾಲಗಾರರು ಇದನ್ನೂ ಹಿಡಿಯುತ್ತಿದ್ದರು. ಮುದುಕಿಗೆ ಅದು ಮೊದಲೇ ಕಂಡಿತ್ತು. ಸೊಸೆಯ ಹೆಸರಿಗೆ ಮಾಡಿಟ್ಟು ಹೋದಳು.

ಆಸ್ತಿಯ ಪಟ್ಟಿಯಲ್ಲಿ ಹಸು ಎರಡು, ಹೊಲಿಗೆ ಯಂತ್ರ ಒಂದು, ಹಲಗೆಯ ಮನೆ ಒಂದು, 12 ಅಡಿಗೆ 16.

ಅವತ್ತು ಸಂಜೆ ಮಾವನ ಅಡುಗೆಮನೆಯಲ್ಲಿ ನೆಲಕ್ಕೆ ಟೇಪು ಹಿಡಿದೆ. ಆ ಕೋಣೆಯಿಂದ ನಡುಮನೆಗೆ ಹೋಗುವಾಗ ಒಂದು ಸಣ್ಣ ಮೆಟ್ಟಿಲು ಏರಬೇಕು. ನಾನು ಎಷ್ಟೋ ಸಲ ಎಡವಿದ್ದೇನೆ. ಗೋಡೆಯೂ ಅಲ್ಲಿ ಒಂದು ಗೇಣು ದಪ್ಪ, ಹೊರಗೋಡೆ ಇದ್ದ ಹಾಗೆ. ಅತ್ತೆ ಟೇಪಿನ ಆಚೆ ತುದಿ ಹಿಡಿದರು. ಹನ್ನೆರಡು. ತಿರುಗಿಸಿ ಹಿಡಿದೆವು. ಹದಿನಾರು, ಒಂದು ಬೆರಳು ಕಮ್ಮಿ.

ಮಾವನಿಗೆ ಹೇಳಲೇಬೇಕಾಯಿತು. ಎಲ್ಲ ಕಾಗದ ಮೇಜಿನ ಮೇಲೆ ಹರಡಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಟೆಟಾ" ಎಂದರು. ಜೆಕ್ ಭಾಷೆಯಲ್ಲಿ ಟೆಟಾ ಅಂದರೆ ಅತ್ತೆ ಅಥವಾ ಚಿಕ್ಕಮ್ಮ. ಮನೆಯಲ್ಲಿ ಟೆಟಾ ಅಂತ ಒಬ್ಬಳಿದ್ದಳು, ಮದುವೆಯಾಗಿರಲಿಲ್ಲ, ಸಿಟ್ಟಿನವಳು, ಇಷ್ಟೇ ಅವರು ಕೇಳಿದ್ದು. ಅವಳಿಗೊಂದು ಹೆಸರಿತ್ತು ಎನ್ನುವುದೇ ಮರೆತುಹೋಗಿತ್ತು. ಹರಾಜಿನ ಸಂಗತಿ? "ಅಪ್ಪ ಆ ಕಡೆ ಬೇಲಿಯ ಹತ್ತಿರ ಎಂದೂ ಹೋಗುತ್ತಿರಲಿಲ್ಲ" ಎಂದರು. ಅಷ್ಟೇ.

ಮಾವನ ಕಥೆಗಳೆಲ್ಲ ಹೀಗೆ ಅಂದುಕೊಳ್ಳಬೇಡಿ. 1888ರ ಜನವರಿ 12ರ ಹಿಮಗಾಳಿಯಲ್ಲಿ ಮೀರಾ ಕಣಿವೆಯ ಶಾಲೆಯ ಚಾವಣಿ ಹಾರಿಹೋದಾಗ, ಮಿನ್ನಿ ಫ್ರೀಮನ್ ಎಂಬ ಹರೆಯದ ಟೀಚರು ಮಕ್ಕಳನ್ನೆಲ್ಲ ಬಚಾವು ಮಾಡಿ ಒಂದು ಮನೆಗೆ ಮುಟ್ಟಿಸಿದ ಕಥೆ ಅವರು ಹೇಳಿದಾಗ ನಾನು ಅದನ್ನೂ ನಂಬಿರಲಿಲ್ಲ. ಅದು ನಿಜ. ನಮ್ಮ ಕೌಂಟಿಯಲ್ಲೇ ನಡೆದದ್ದು.

ಟೆಟಾಳ ಕಡತ ಬಂದಿದ್ದು ಜೂನ್‌ನಲ್ಲಿ. 1880ರಲ್ಲಿ ಅರ್ಜಿ ಹಾಕಿದಾಗ ಅವಳಿಗೆ 23. ಕಾಯ್ದೆಯ ಲೆಕ್ಕ ನೋಡಿ: ಎಕರೆಗೆ ಕಮ್ಮಿ ಅಂದರೂ 2,700 ಗಿಡ. ಹತ್ತು ಎಕರೆಗೆ 27 ಸಾವಿರ. ಎಂಟು ವರ್ಷ ಕಳೆದ ಮೇಲೆ ಎಕರೆಗೆ 675 ಮರವಾದರೂ ಜೀವ ಹಿಡಿದು ನಿಂತಿರಬೇಕು. ಹೇಳಿಕೆಯಲ್ಲಿ ಅವಳ ಮಾತು ಚುಟುಕು. ಮೊದಲ ವರ್ಷ ಐದು ಎಕರೆ ಒಡೆಸಿದೆ. ಎರಡನೇ ವರ್ಷ ಐದು. ಲೂಪ್ ನದಿಯ ದಂಡೆಯಿಂದ ಕಾಟನ್‌ವುಡ್ ಕಡ್ಡಿ ತಂದು ನೆಟ್ಟೆ. ಒಣಗಿತು. ಮತ್ತೆ ನೆಟ್ಟೆ. ಆಣೆಕಲ್ಲು ಬಿತ್ತು. ಮತ್ತೆ ನೆಟ್ಟೆ, ಜೊತೆಗೆ ಆಶ್ ಮತ್ತು ಬಾಕ್ಸ್ ಎಲ್ಡರ್. ಕಳೆ ತೆಗೆದವರು ಯಾರು? ನಾನು. ನೀರು? ಇಲ್ಲ. ಸಾಕ್ಷಿ ಹೇಳಿದ ನೆರೆಯವನು ಸಾಲು ಸಾಲಾಗಿ ನಡೆದು ಎಣಿಸಿದೆ ಎಂದಿದ್ದಾನೆ: 6,900. ಬೇಕಾಗಿದ್ದು 6,750. ಎಣಿಸುವಾಗ ಸ್ವಲ್ಪ ಕಣ್ಣು ಮುಚ್ಚಿರಬಹುದಾ? ನಾನಾದರೆ ಮುಚ್ಚುತ್ತಿದ್ದೆ.

ಈಗ ಆ ಹತ್ತು ಎಕರೆಯಲ್ಲಿ ಉಳಿದಿರುವುದು ಹೊಲದ ಒಂದು ಮೂಲೆಯ ಏಳು ಕಾಟನ್‌ವುಡ್. ಅವೇ ಮರಗಳೋ ಅವುಗಳ ಮರಿಗಳೋ. ಉಳಿದದ್ದಕ್ಕೆ ಕಾರಣ ಯಾರ ಪ್ರೀತಿಯೂ ಅಲ್ಲ. ಪಿವಟ್ ಯಂತ್ರ ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತ ನೀರು ಹಾಯಿಸುತ್ತದೆ. ಚೌಕದೊಳಗೆ ವೃತ್ತ. 160 ಎಕರೆಯಲ್ಲಿ ಸುಮಾರು 130ಕ್ಕೆ ನೀರು, ನಾಲ್ಕು ಮೂಲೆ ಒಣ. ಒಣ ಮೂಲೆಯನ್ನು ಕಡಿದು ಸಾಪು ಮಾಡಿ ಏನು ಲಾಭ ಎಂದು ಬಿಟ್ಟಿದ್ದಾರೆ.

ಒಂದು ಮಾತು ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಎರಡೂ ಪುಟದ ಮೊದಲ ಸಾಲು 'ಯುನೈಟೆಡ್ ಸ್ಟೇಟ್ಸ್‌ನಿಂದ'. ಅದಕ್ಕಿಂತ ಮೊದಲು? ಅದು ಪಾನೀ ಎಂಬ ಮೂಲನಿವಾಸಿ ಜನರ ನಾಡು. ಲೂಪ್ ಅಂದರೆ ಫ್ರೆಂಚಿನಲ್ಲಿ ತೋಳ. ಪಾನೀ ಜನರ ತೋಳದ ಪಂಗಡದಿಂದ ನದಿಗೆ ಆ ಹೆಸರು. 1857ರ ಟೇಬಲ್ ಕ್ರೀಕ್ ಒಪ್ಪಂದದಲ್ಲಿ ಅವರಿಂದ ಈ ಸೀಮೆಯನ್ನೆಲ್ಲ ಬರೆಸಿಕೊಂಡರು. 1870ರ ದಶಕದಲ್ಲಿ ಉಳಿದವರನ್ನೂ ಈಗಿನ ಒಕ್ಲಹೋಮಾಕ್ಕೆ ಕಳಿಸಿದರು. ಮುತ್ತಜ್ಜ ಬರುವ ಎರಡು ಮೂರು ವರ್ಷದ ಹಿಂದೆ ತಾನೇ! ಪುಕ್ಕಟೆ ಹೊಲ ಎಂಬ ಮಾತನ್ನು ಈಗ ನಾನು ಮನೆಯಲ್ಲಿ ಆಡುವುದಿಲ್ಲ. ಮಾವ ಆಡುತ್ತಾರೆ. ಆಗಾಗ ಇದರ ಮೇಲೆ ನಮಗಿಬ್ಬರಿಗೂ ಮಾತು ಬೆಳೆಯುತ್ತದೆ. ಪಾನೀ ಜನರ ಹಳೇ ಮೆಕ್ಕೆಜೋಳದ ಬೀಜಗಳನ್ನು ಈಗ ನೆಬ್ರಾಸ್ಕಾದ ಕೆಲವು ರೈತರು ಅವರಿಗಾಗಿ ಬೆಳೆದು ಕಳಿಸುತ್ತಿದ್ದಾರೆ. ನಾವೂ ಒಂದು ಒಣ ಮೂಲೆಯಲ್ಲಿ ಬೆಳೆಯೋಣವಾ ಎಂದು ಕೇಳಿದ್ದೇನೆ. "ನೋಡೋಣ" ಎಂದಿದ್ದಾರೆ. ನಮ್ಮ ಕಡೆ ನೋಡೋಣ ಅಂದರೆ ಏನರ್ಥವೋ ಇಲ್ಲೂ ಅದೇ.

ಕೊನೆಗೆ ಫಾರಂ. ಮೊದಲ ಹೊಲ ಹೋಗಿದೆ, ಅದನ್ನು ಬರೆಯುವಂತಿಲ್ಲ. ಎರಡನೆಯದು ಸೊಸೆಯ ಕೈ ದಾಟಿ ಬಂದಿದೆ. ಅದು ಒಂದೇ ಮನೆತನ ಅನ್ನಿಸಿಕೊಳ್ಳುತ್ತದಾ ಎಂದು ಫಾರಂ ನೋಡಿಕೊಳ್ಳುವ ಹೆಂಗಸಿಗೆ ಫೋನ್ ಮಾಡಿ ಕೇಳಿದೆ. "ಸೊಸೆ ಮನೆಯವಳಲ್ಲದೆ ಮತ್ತೇನು?" ಎಂದರು. ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಅತ್ತೆ ಪಾತ್ರೆ ತೊಳೆಯುವುದು ನಿಲ್ಲಿಸಿ ನನ್ನ ಕಡೆ ನೋಡಿ ನಕ್ಕರು.

ಮೊದಲ ಒಡೆಯರ ಹೆಸರು ಎಂಬ ಖಾನೆಯನ್ನು ಮಾವ ತಾವೇ ತುಂಬುತ್ತೇನೆ ಎಂದರು. ಟೆಟಾಳ ಹೆಸರಿನ ಸರಿ ಅಕ್ಷರ ಯಾವುದು ಎಂದು ನನ್ನನ್ನು ಕೇಳಿದರು. ಪತ್ರದಲ್ಲಿ ಒಂದು ಥರ, ಮರಣಪತ್ರದಲ್ಲಿ ಇನ್ನೊಂದು. ಕಾರು ತೆಗೆದುಕೊಂಡು ಇಬ್ಬರೂ ಸಮಾಧಿಗೆ ಹೋದೆವು. ಕಲ್ಲಿನ ಮೇಲೆ ಪಾಚಿ ಹಿಡಿದಿತ್ತು. ಮಾವ ಬಗ್ಗಿ ಹೆಬ್ಬೆರಳಿನಿಂದ ಉಜ್ಜುತ್ತ ಒಂದೊಂದೇ ಅಕ್ಷರ ಗಟ್ಟಿಯಾಗಿ ಹೇಳಿದರು. ನಾನು ಬರೆದುಕೊಂಡೆ.